ನಾವು ಕಟ್ಟಿದ ಯುವಜನ ಸೇವೆಯ ಸಂಸ್ಥೆ ಈಗ ಹಿಡಿದಿರುವ ದಾರಿ

ಶಿವಮೊಗ್ಗದಲ್ಲಿ ನಾನು ಮತ್ತು ನನ್ನ ಗೆಳೆಯರು ಸೇರಿ ಆರಂಭಿಸಿದ ಯುವಜನ ಸೇವೆಯ ಸಂಸ್ಥೆ ಈಗ ಬೆಂಗಳೂರಿನ ಒಂದು ದೊಡ್ಡ ಸಂಸ್ಥೆಯ ಭಾಗವಾಗಿದೆ ಎಂಬುದು ನಮ್ಮ ಕಡೆಯ ಕ್ರೈಸ್ತ ಸಭೆಗಳವರಿಗೆಲ್ಲ, ಅಂದರೆ ಚರ್ಚುಗಳವರಿಗೆಲ್ಲ, ಗೊತ್ತಿರುವ ಸಂಗತಿ. ಕಳೆದ ವರ್ಷ ಇಲ್ಲಿನ ಕಚೇರಿ ಮುಚ್ಚಿತು. ದಸರಾ ರಜೆಯಲ್ಲಿ ನಡೆಯುತ್ತಿದ್ದ ತರಬೇತಿ ನಿಂತಿತು. ಬೈಬಲ್ ಪಾಠದ ಪುಸ್ತಿಕೆಗಳ ಮುದ್ರಣವನ್ನು ಕೈಬಿಟ್ಟು, ಅವುಗಳ ಜಾಗದಲ್ಲಿ ವಾರಕ್ಕೊಂದು ವಿಡಿಯೊ ಕಳುಹಿಸುವ ವ್ಯವಸ್ಥೆಯನ್ನು ತಂದರು. ಅಂದಿನಿಂದ ಸಾಗರ, ತೀರ್ಥಹಳ್ಳಿ, ಭದ್ರಾವತಿ ಕಡೆಯಿಂದ ಫೋನ್ ಮಾಡುವ ಹಳೆಯ ಒಡನಾಡಿಗಳು ನಾನು ಏನಾದರೂ ಹೇಳಬೇಕೆಂದು ಕೇಳುತ್ತಲೇ ಇದ್ದಾರೆ. ಇಷ್ಟು ದಿನ ಸುಮ್ಮನಿದ್ದೆ. ನಿವೃತ್ತನಾದವನು ಮಾತಾಡಿದರೆ ಅದು ಅಧಿಕಾರ ಹೋದವನ ಸಂಕಟದಂತೆ ಕೇಳಿಸುತ್ತದೆ ಎಂಬ ಅಳುಕೂ ಇತ್ತು, ಈಗ ಹೊಣೆ ಹೊತ್ತಿರುವವರ ಕೆಲಸಕ್ಕೆ ಅಡ್ಡಿಯಾಗಬಾರದೆಂಬ ಕಾಳಜಿಯೂ ಇತ್ತು.

ಸುಮ್ಮನಿರು ಎನ್ನುವವರು ಸಾಮಾನ್ಯವಾಗಿ ಬೈಬಲಿನಲ್ಲಿ ಅಪೊಸ್ತಲ ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ ಮೂರನೆಯ ಅಧ್ಯಾಯವನ್ನು ನೆನಪಿಸುತ್ತಾರೆ. ಪೌಲನು ಸಸಿ ನೆಟ್ಟನು, ಅವನ ನಂತರ ಬಂದ ಬೋಧಕ ಅಪೊಲ್ಲೋಸನು ನೀರು ಹೊಯ್ದನು, ಬೆಳೆಸಿದವನು ದೇವರು. ನೆಟ್ಟವನ ಕೆಲಸ ಮುಗಿಯಿತಲ್ಲ ಎಂಬುದು ಅವರ ವಾದ. ಆ ಮಾತನ್ನು ನಾನು ಒಪ್ಪುತ್ತೇನೆ. ಆದರೆ ಅದೇ ಅಧ್ಯಾಯದಲ್ಲಿ ನಾಲ್ಕು ವಚನ ಮುಂದೆ ಹೋದರೆ, ಅಸ್ತಿವಾರ ಹಾಕಿದ ಪೌಲನೇ, ಅದರ ಮೇಲೆ ಕಟ್ಟುವ ಪ್ರತಿಯೊಬ್ಬನೂ ತಾನು ಹೇಗೆ ಕಟ್ಟುತ್ತಿದ್ದೇನೆಂದು ಎಚ್ಚರಿಕೆಯಿಂದ ನೋಡಿಕೊಳ್ಳಬೇಕೆಂದು ಹೇಳುತ್ತಾನೆ. ನೆಟ್ಟವನಿಗೆ ಬೆಳೆಯ ಮೇಲೆ ಒಡೆತನ ಇಲ್ಲದಿರಬಹುದು. ಕಾಳಜಿಯಿಂದ ಒಂದು ಮಾತು ಹೇಳುವ ಅವಕಾಶವನ್ನಂತೂ ಪೌಲನು ಬಿಟ್ಟುಕೊಟ್ಟಿಲ್ಲ. ಆ ಅವಕಾಶದ ಮಿತಿಯಲ್ಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲಿಗೆ ನಾವು ಯಾಕೆ ಕಂಪನಿಯನ್ನೇ ಕಟ್ಟಿದೆವು ಎಂಬುದನ್ನು ಹೇಳಬೇಕು, ಏಕೆಂದರೆ ಈಗಿನ ಬದಲಾವಣೆಗಳ ಮೂಲ ಅಲ್ಲಿಯೇ ಇದೆ. ತೊಂಬತ್ತರ ದಶಕದಲ್ಲಿ ಇಂಥ ಕೆಲಸಕ್ಕೆ ಇಳಿದವರೆಲ್ಲ ಟ್ರಸ್ಟ್ ಅಥವಾ ಸೊಸೈಟಿ ಮಾಡಿಕೊಂಡು, 1976ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿ ಪಡೆದು, ಹೊರಗಿನ ಹಣದಿಂದ ನಡೆಸುತ್ತಿದ್ದರು. ನಮಗೆ ಆ ದಾರಿ ಬೇಡವಾಗಿತ್ತು. ಸಭೆಯವರು ತಮ್ಮ ಕಾಣಿಕೆಯಿಂದ ದುಡ್ಡು ಕೊಟ್ಟು ಕೊಂಡ ಪುಸ್ತಿಕೆ ಕಪಾಟಿನಲ್ಲಿ ದೂಳು ಹಿಡಿಯುವುದಿಲ್ಲ, ಪುಕ್ಕಟೆಯಾಗಿ ಬಂದದ್ದು ಹಿಡಿಯುತ್ತದೆ ಎಂಬುದು ನಮ್ಮ ನಂಬಿಕೆ. ಆದ್ದರಿಂದ ಪುಸ್ತಿಕೆಗೆ ಬೆಲೆ ಇಟ್ಟೆವು, ಶಿಬಿರಕ್ಕೆ ಶುಲ್ಕ ಇಟ್ಟೆವು, ಬಂದ ಹಣದಲ್ಲಿಯೇ ಮುದ್ರಣಾಲಯದ ಬಿಲ್ಲು, ಬಾಡಿಗೆ, ಸಂಬಳ ಎಲ್ಲವನ್ನೂ ತೂಗಿಸಿದೆವು. ಮಳೆಗಾಲದ ನಾಲ್ಕು ತಿಂಗಳು ಘಟ್ಟದ ಕಡೆ ಶಿಬಿರ ನಡೆಸಲು ಸಾಧ್ಯವಿರಲಿಲ್ಲವಾದ್ದರಿಂದ ಆ ಸಮಯವೆಲ್ಲ ಬರವಣಿಗೆಗೆ, ಕರಡು ತಿದ್ದುವುದಕ್ಕೆ ಹೋಗುತ್ತಿತ್ತು. ದಸರಾ ಬಂತೆಂದರೆ ತರಬೇತಿ, ಏಪ್ರಿಲ್ ಬಂತೆಂದರೆ ಶಿಬಿರಗಳು.

ಈ ಕೆಲಸಕ್ಕೆ ಕನ್ನಡವನ್ನೇ ಆರಿಸಿಕೊಂಡದ್ದರ ಹಿಂದೆ ನಮ್ಮ ಜಿಲ್ಲೆಯ ವಿಶೇಷ ಪರಿಸ್ಥಿತಿ ಇದೆ. ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿದ ಮೇಲೆ, 1936ರಲ್ಲಿ ಕಾಗದದ ಕಾರ್ಖಾನೆ ಸ್ಥಾಪನೆಯಾದ ಮೇಲೆ, ಕೆಲಸ ಹುಡುಕಿಕೊಂಡು ಬಂದು ನೆಲೆಸಿದ ಕುಟುಂಬಗಳಲ್ಲಿ ತಮಿಳು, ತೆಲುಗು ಮಾತಾಡುವವರು ಬಹಳ. ಸಾಗರ, ತೀರ್ಥಹಳ್ಳಿ ಕಡೆ ಕರಾವಳಿಯಿಂದ ಘಟ್ಟ ಹತ್ತಿ ಬಂದ ಕೊಂಕಣಿ ಮನೆಗಳಿವೆ. ಪಕ್ಕದ ಚಿಕ್ಕಮಗಳೂರು ಜಿಲ್ಲೆಯ ನರಸಿಂಹರಾಜಪುರದ ಸುತ್ತ ಕೇರಳದಿಂದ ಬಂದು ಜಮೀನು ಮಾಡಿಕೊಂಡ ಮಲಯಾಳಿ ಮನೆಗಳಿವೆ. ಒಬ್ಬ ಬಿಷಪ್ಪರ ಆಡಳಿತಕ್ಕೆ ಸೇರಿದ ಶಿವಮೊಗ್ಗ ಕಥೋಲಿಕ ಧರ್ಮಪ್ರಾಂತ್ಯ 1988ರಲ್ಲಿ ರೂಪುಗೊಂಡರೆ, ಕೇರಳ ಮೂಲದ ಸೀರೊ ಮಲಬಾರ್ ಸಭೆಯವರಿಗಾಗಿ ಭದ್ರಾವತಿಯಲ್ಲಿಯೇ ಇನ್ನೊಂದು ಧರ್ಮಪ್ರಾಂತ್ಯ 2007ರಲ್ಲಿ ಬಂತು ಎಂಬುದರಿಂದಲೇ ಇಲ್ಲಿನ ಕ್ರೈಸ್ತರು ಎಷ್ಟು ಬಗೆಯವರೆಂದು ಊಹಿಸಬಹುದು. ಮನೆಯಲ್ಲಿ ಒಂದು ಭಾಷೆ, ಆರಾಧನೆಯಲ್ಲಿ ಇನ್ನೊಂದು. ಆದರೆ ಈ ಮಕ್ಕಳೆಲ್ಲ ಶಾಲೆಯಲ್ಲಿ ಕಲಿತದ್ದು, ಬಸ್ ಸ್ಟ್ಯಾಂಡಿನಲ್ಲಿ ಜಗಳವಾಡಿದ್ದು, ಸ್ನೇಹ ಮಾಡಿದ್ದು ಕನ್ನಡದಲ್ಲಿ. ಶಿಬಿರದ ರಾತ್ರಿ ಊಟವಾದ ಮೇಲೆ ಕಾರ್ಖಾನೆ ಕ್ವಾರ್ಟರ್ಸಿನ ಹುಡುಗನೂ ಅಡಿಕೆ ತೋಟದ ಮನೆಯ ಹುಡುಗಿಯೂ ತಮ್ಮ ಅಪ್ಪ ಅಮ್ಮಂದಿರ ಹತ್ತಿರ ಹೇಳಿಕೊಳ್ಳಲಾಗದ ಸಂಗತಿಗಳನ್ನು ಹೇಳಿಕೊಂಡದ್ದು ಕನ್ನಡದಲ್ಲಿಯೇ. ಈಗ ಬರುವ ವಿಡಿಯೊಗಳು ಇಂಗ್ಲಿಷಿನಲ್ಲಿ ಸಿದ್ಧವಾಗಿ, ಕೆಳಗೆ ಕನ್ನಡದ ಸಾಲುಗಳನ್ನು ಅಂಟಿಸಿಕೊಂಡು ಬರುತ್ತವೆ. ಬೆಂಗಳೂರಿನ ಯುವಜನರಿಗೆ ಅದು ಸರಿಹೋಗಬಹುದು. ತೀರ್ಥಹಳ್ಳಿ ತಾಲ್ಲೂಕಿನ ಕೋಣಂದೂರಿನ ಹುಡುಗನೊಬ್ಬ ಆ ಸಾಲುಗಳನ್ನು ಓದಿ ಮುಗಿಸುವುದರೊಳಗೆ ಮಾತು ಮುಂದೆ ಹೋಗಿರುತ್ತದೆ.

ಆದರೂ ಭಾಷೆಯ ವಿಷಯ ನನಗೆ ಎರಡನೆಯದು. ಮುಖ್ಯ ನೋವು ಬೇರೆಯೇ ಇದೆ.

ನಮ್ಮ ಪುಸ್ತಿಕೆಗಳು ಯುವಜನರಿಗಾಗಿ ಬರೆದವು ಎಂದು ಎಲ್ಲರೂ ತಿಳಿದಿದ್ದರು. ನಿಜವಾಗಿ ನಾವು ಬರೆಯುತ್ತಿದ್ದದ್ದು ಯೌವನಸ್ಥರ ಕೂಟ ನಡೆಸುವವರಿಗಾಗಿ. ಸಂಬಳವಿಲ್ಲದೆ, ಯಾರೂ ಹೊಗಳದೆ, ಭಾನುವಾರ ಆರಾಧನೆ ಮುಗಿದ ಮೇಲೆ ಹಸಿದ ಹೊಟ್ಟೆಯಲ್ಲಿ ಎಂಟು ಹತ್ತು ಹುಡುಗ ಹುಡುಗಿಯರನ್ನು ಕೂರಿಸಿಕೊಂಡು ಒಂದು ಗಂಟೆ ಕಳೆಯುವ ಆ ಮನುಷ್ಯರು ಶಾಲಾ ಶಿಕ್ಷಕರು, ನರ್ಸುಗಳು, ಕಾರ್ಖಾನೆಯ ಫಿಟ್ಟರುಗಳು, ಅಂಗಡಿ ಇಟ್ಟವರು. ಅವರ ಕೈಗೆ ಏನು ಕೊಟ್ಟರೆ ಆ ಒಂದು ಗಂಟೆ ಫಲಿಸೀತು ಎಂಬುದೊಂದೇ ನಮ್ಮ ಪ್ರಶ್ನೆಯಾಗಿತ್ತು. ಹಾಗಾಗಿ ಪುಸ್ತಿಕೆಯ ಬಲಗಡೆಯ ಪುಟವನ್ನು ಅರ್ಧ ಖಾಲಿ ಬಿಡುತ್ತಿದ್ದೆವು. ಮುದ್ರಣಾಲಯದವರು ಕಾಗದ ದಂಡವಾಗುತ್ತದೆಂದು ಪ್ರತಿ ಸಲ ಹೇಳಿದರೂ ಬಿಡುತ್ತಿದ್ದೆವು.

ಸಾಗರದ ಹತ್ತಿರದ ಒಂದು ಸಣ್ಣ ಸಭೆಯಲ್ಲಿ ಕೂಟ ನಡೆಸುತ್ತಿದ್ದ ಅಂಗನವಾಡಿ ಶಿಕ್ಷಕಿಯೊಬ್ಬರು ತಮ್ಮ ಪ್ರತಿಯನ್ನು ನನಗೆ ಕೊಟ್ಟಿದ್ದಾರೆ. ಅದು ಈಗಲೂ ನನ್ನ ಬಳಿ ಇದೆ. ಯೇಸು ಹೇಳಿದ ದುಂದುಗಾರ ಮಗನ ಸಾಮ್ಯದ, ಅಂದರೆ ದೃಷ್ಟಾಂತ ಕಥೆಯ, ಮೇಲಿನ ಪಾಠದಲ್ಲಿ, ಆ ಮಗನು ಮನೆ ಬಿಟ್ಟು ಹೋಗಲು ಕಾರಣವೇನು ಎಂದು ನಾವು ಕೇಳಿದ್ದೆವು. ಆಕೆ ಆ ಪ್ರಶ್ನೆಯ ಮೇಲೆ ಪೆನ್ಸಿಲಿನಿಂದ ಅಡ್ಡಗೆರೆ ಎಳೆದು ಬದಿಯಲ್ಲಿ ಹೀಗೆ ಬರೆದುಕೊಂಡಿದ್ದಾರೆ: ಊರು ಬಿಟ್ಟು ಹೋದ ಅಣ್ಣ ಹಬ್ಬಕ್ಕೆ ಬಂದಾಗ ತೋಟ ನೋಡಿಕೊಂಡ ತಮ್ಮನಿಗೆ ಏನನ್ನಿಸುತ್ತದೆ? ಆ ಸಭೆಯ ಮನೆಮನೆಯಲ್ಲೂ ಬೆಂಗಳೂರಿಗೆ ಹೋದ ಒಬ್ಬ, ಊರಿನಲ್ಲಿ ಉಳಿದ ಒಬ್ಬ ಇದ್ದರು. ಲೂಕನ ಸುವಾರ್ತೆಯಲ್ಲಿ ಹೊರಟುಹೋದವನು ಕಿರಿಯ, ಉಳಿದವನು ಹಿರಿಯ. ತನ್ನ ಕೂಟದ ಮಕ್ಕಳ ಮನೆಗಳಲ್ಲಿ ಅದು ತಿರುವುಮುರುವಾಗಿದೆ ಎಂದು ಗಮನಿಸಿ ಆಕೆ ಪ್ರಶ್ನೆಯನ್ನು ಅದಕ್ಕೆ ತಕ್ಕಂತೆ ಬದಲಿಸಿದ್ದರು. ಶಿವಮೊಗ್ಗದಲ್ಲಿ ಕುಳಿತ ನಮಗೆ ಆ ಪ್ರಶ್ನೆ ಹೊಳೆಯಲು ಸಾಧ್ಯವೇ ಇರಲಿಲ್ಲ. ಮುಂದಿನ ಮುದ್ರಣದಲ್ಲಿ ನಮ್ಮ ಪ್ರಶ್ನೆಯನ್ನು ತೆಗೆದು ಆಕೆಯದನ್ನೇ ಹಾಕಿದೆವು. ನಮ್ಮ ಸಂಸ್ಥೆ ಇದ್ದದ್ದೇ ಇಂಥ ಒಬ್ಬಾಕೆಗೆ ಪೆನ್ಸಿಲು ಹಿಡಿಯುವ ಧೈರ್ಯ ಬರಲಿ ಎಂದು. ದಸರಾ ತರಬೇತಿಯಲ್ಲಿ ನಾವು ಕಲಿಸುತ್ತಿದ್ದದ್ದರಲ್ಲಿ ಬಹುಪಾಲು ಅದೇ ಆಗಿತ್ತು.

ಇತ್ತೀಚೆಗೆ ಶಿವಮೊಗ್ಗದ ಹೊರವಲಯದ ಒಂದು ಸಭೆಗೆ ಹೋಗಿದ್ದಾಗ ಯೌವನಸ್ಥರ ಕೂಟದಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತೆ. ಗೋಡೆಯ ಟಿವಿಯಲ್ಲಿ ಆ ವಾರದ ವಿಡಿಯೊ ಬರುತ್ತಿತ್ತು. ಮಾತಾಡುತ್ತಿದ್ದ ಯುವಕ ಸೊಗಸಾಗಿ ಮಾತಾಡಿದ, ಹೇಳಿದ್ದೂ ಸರಿಯಾಗಿಯೇ ಇತ್ತು. ನೆಟ್‌ವರ್ಕ್ ಹೋಗಿ ಚಿತ್ರ ಎರಡು ಸಲ ನಿಂತಿತು. ಹಲವು ವರ್ಷ ಆ ಕೂಟವನ್ನು ನಡೆಸಿದ, ನಮ್ಮ ತರಬೇತಿಗೆ ತಪ್ಪದೆ ಬರುತ್ತಿದ್ದ ಮೇಷ್ಟ್ರು ಪಕ್ಕದ ಕುರ್ಚಿಯಲ್ಲಿ ರಿಮೋಟ್ ಹಿಡಿದು ಕುಳಿತಿದ್ದರು. ಚಿತ್ರ ನಿಂತ ಹೊತ್ತಿನಲ್ಲಿ ಹುಡುಗರು ಅವರ ಮುಖ ನೋಡಿದರು. ಅವರು ಟಿವಿ ನೋಡಿದರು. ಆಮೇಲೆ ನನ್ನ ಹತ್ತಿರ ಬಂದು, "ಸಾರ್, ಈಗ ತಯಾರಿ ಮಾಡೋ ಕಷ್ಟ ಇಲ್ಲ ನೋಡಿ" ಎಂದರು. ಅವರಿಗೆ ಆ ಕಷ್ಟ ಇಷ್ಟವಾಗಿತ್ತು ಎಂಬುದು ನನಗೆ ಗೊತ್ತು. ಅಂದು ನನ್ನ ಮನಸ್ಸಿಗೆ ಆದ ಬೇಸರವನ್ನು ಇಲ್ಲಿ ಮುಚ್ಚಿಡುವುದಿಲ್ಲ. ಸಂಸ್ಥೆ ನಮ್ಮ ಹೆಸರನ್ನು ತೆಗೆದಾಗ, ಲಾಂಛನ ಬದಲಿಸಿದಾಗ ಆಗದ ನೋವು ಅದು.

ಬದಲಾವಣೆಯೇ ತಪ್ಪೆಂದು ಹೇಳುವ ಉದ್ದೇಶ ನನ್ನದಲ್ಲ. 1780ರ ಸುಮಾರಿಗೆ ಇಂಗ್ಲೆಂಡಿನ ಗ್ಲೌಸ್ಟರ್ ಪಟ್ಟಣದಲ್ಲಿ ರಾಬರ್ಟ್ ರೈಕ್ಸ್ ಭಾನುವಾರ ಶಾಲೆ ಆರಂಭಿಸಿದಾಗ, ವಾರವಿಡೀ ದುಡಿಯುವ ಬಡ ಮಕ್ಕಳಿಗೆ ಓದಲು ಕಲಿಸುವುದು ಅದರ ದೊಡ್ಡ ಕೆಲಸವಾಗಿತ್ತು. ಸರ್ಕಾರಿ ಶಾಲೆಗಳು ಬಂದ ಮೇಲೆ ಆ ಕೆಲಸ ಉಳಿಯಲಿಲ್ಲ, ಭಾನುವಾರ ಶಾಲೆ ಬೇರೆ ರೂಪದಲ್ಲಿ ಬದುಕಿತು. ಸ್ಥಾಪಕರ ಕೈತಪ್ಪಿದ ಸಂಸ್ಥೆಗಳೆಲ್ಲ ಹಾಳಾಗುತ್ತವೆಂದೂ ನಾನು ನಂಬುವುದಿಲ್ಲ. ನಮ್ಮಂಥದ್ದೇ ಕೆಲಸವನ್ನು ಬಹುದೊಡ್ಡ ಪ್ರಮಾಣದಲ್ಲಿ ಮಾಡಿದ ಅಮೆರಿಕದ ಯೂತ್ ಸ್ಪೆಷಾಲಿಟೀಸ್ ಎಂಬ ಸಂಸ್ಥೆಯನ್ನು 1969ರಲ್ಲಿ ಮೈಕ್ ಯಾಕೊನೆಲ್ಲಿ ಮತ್ತು ವೇಯ್ನ್ ರೈಸ್ ಆರಂಭಿಸಿದರು. 2003ರಲ್ಲಿ ಯಾಕೊನೆಲ್ಲಿ ವಾಹನ ಅಪಘಾತದಲ್ಲಿ ತೀರಿಕೊಂಡರು, 2006ರಲ್ಲಿ ಸಂಸ್ಥೆ ಜಾಂಡರ್ವನ್ ಪ್ರಕಾಶನದ ಕೈಗೆ ಹೋಯಿತು, ಕೆಲವೇ ವರ್ಷಗಳಲ್ಲಿ ಅಲ್ಲಿಂದ ಯೂತ್‌ವರ್ಕ್ಸ್ ಎಂಬ ಇನ್ನೊಂದು ಸಂಸ್ಥೆಗೆ ಹೋಯಿತು. ಇಷ್ಟು ಕೈ ಬದಲಾದರೂ, ಹದಿಹರೆಯದವರ ಜೊತೆ ಕೆಲಸ ಮಾಡುವ ದೊಡ್ಡವರನ್ನು ವರ್ಷಕ್ಕೊಮ್ಮೆ ಕಲೆಹಾಕಿ ಅವರಿಗೆ ಬಲ ತುಂಬುವ ಸಮಾವೇಶವನ್ನು ಮಾತ್ರ ಅದನ್ನು ಕೊಂಡವರು ಕೈಬಿಡಲಿಲ್ಲ. ಯಜಮಾನರು ಬದಲಾದರೂ ಆ ಸಂಸ್ಥೆ ಯಾರಿಗಾಗಿ ಇದೆ ಎಂಬುದು ಬದಲಾಗಲಿಲ್ಲ. ನಮ್ಮಲ್ಲಿ ಆಗಿರುವುದು ಇದರ ವಿರುದ್ಧ. ಕೂಟ ನಡೆಸುವವರನ್ನು ದಾಟಿ ಸಂಸ್ಥೆಯೇ ನೇರವಾಗಿ ಹುಡುಗರ ಮುಂದೆ ಬಂದು ನಿಂತಿದೆ.

ಹೊಸಬರು ಮಾಡಿದ ಒಳ್ಳೆಯ ಕೆಲಸಗಳನ್ನೂ ಇಲ್ಲಿ ಹೇಳುವುದು ನನ್ನ ಕರ್ತವ್ಯ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯನ್ನು ಮುಂದಿಟ್ಟುಕೊಂಡು ಶಿಬಿರಗಳಿಗೆ ಲಿಖಿತ ನಿಯಮಗಳನ್ನು ಮಾಡಿದ್ದಾರೆ: ಮಕ್ಕಳ ಜೊತೆ ಒಬ್ಬನೇ ದೊಡ್ಡವನು ಇರುವಂತಿಲ್ಲ, ಸ್ವಯಂಸೇವಕರ ಹಿನ್ನೆಲೆ ವಿಚಾರಿಸದೆ ಸೇರಿಸಿಕೊಳ್ಳುವಂತಿಲ್ಲ, ದೂರು ಬಂದರೆ ಒಳಗೊಳಗೇ ಮುಗಿಸುವಂತಿಲ್ಲ. ಇವುಗಳಲ್ಲಿ ಒಂದನ್ನೂ ಸಡಿಲಿಸಬಾರದು. ಖಿನ್ನತೆ, ಆತ್ಮಹತ್ಯೆಯ ಯೋಚನೆಗಳ ಬಗ್ಗೆ ನೇರವಾಗಿ ಮಾತಾಡುವ ಪಾಠಗಳನ್ನು ತಂದು, ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಸಂಖ್ಯೆಯನ್ನು ಪ್ರತಿ ವಿಡಿಯೊದ ಕೊನೆಯಲ್ಲಿ ತೋರಿಸುತ್ತಾರೆ. ಪ್ರಾರ್ಥಿಸಿದರೆ ಸಾಕು, ವೈದ್ಯರು ಬೇಡ ಎನ್ನುವ ಮಾತು ಇನ್ನೂ ಕೇಳಿಬರುವ ಸಭೆಗಳಲ್ಲಿ ಇದು ಬಹಳ ದೊಡ್ಡ ಉಪಕಾರ. ಹಣದ ಲೆಕ್ಕವನ್ನೂ ಅಚ್ಚುಕಟ್ಟಾಗಿ ಇಟ್ಟಿದ್ದಾರೆ.

ಅವರ ಕಷ್ಟವೂ ನನಗೆ ಅರ್ಥವಾಗುತ್ತದೆ. ಪಿಯುಸಿ ಮುಗಿಯುತ್ತಿದ್ದಂತೆ ನಮ್ಮ ಮಕ್ಕಳು ಬೆಳಗಿನ ಜನಶತಾಬ್ದಿ ರೈಲು ಹತ್ತಿ ಬೆಂಗಳೂರಿಗೆ ಹೋಗುತ್ತಾರೆ. ಊರಿನ ಕೂಟಗಳಲ್ಲಿ ಉಳಿಯುವವರು ಹೈಸ್ಕೂಲಿನವರು ಮಾತ್ರ. 2020ರ ಲಾಕ್‌ಡೌನಿನಲ್ಲಿ ಸಭೆಗಳ ಬಾಗಿಲು ಮುಚ್ಚಿದಾಗ ವಿಡಿಯೊ ಇಲ್ಲದಿದ್ದರೆ ಏನೂ ನಡೆಯುತ್ತಿರಲಿಲ್ಲ ಎಂಬುದೂ ನಿಜ. ಪುಸ್ತಿಕೆ ಅಚ್ಚು ಹಾಕಿಸಿ ಬಸ್ಸಿನ ಮೇಲೆ ಪಾರ್ಸೆಲ್ ಕಳುಹಿಸುವ ಖರ್ಚಿಗಿಂತ ಒಂದು ವಿಡಿಯೊವನ್ನು ಎಲ್ಲ ಕಡೆಗೂ ಕಳುಹಿಸುವ ಖರ್ಚು ಕಡಿಮೆ. ಆದರೆ ವಿಡಿಯೊ ಬೇಕೋ ಪುಸ್ತಿಕೆ ಬೇಕೋ ಎಂಬುದು ನನ್ನ ಪ್ರಶ್ನೆಯಲ್ಲ. ಕೂಟ ನಡೆಸುವವರಿಗೆಂದೇ ವಿಡಿಯೊ ಮಾಡಬಹುದು. ಹತ್ತು ನಿಮಿಷ ಬೈಬಲ್ ವಾಕ್ಯದ ಹಿನ್ನೆಲೆ ಹೇಳಿ, ಮೂರು ಪ್ರಶ್ನೆ ಕೊಟ್ಟು, ಉಳಿದದ್ದನ್ನು ನಿಮ್ಮ ಮಕ್ಕಳ ಮುಖ ನೋಡಿ ನಡೆಸಿ ಎಂದು ಬಿಟ್ಟುಕೊಡಬಹುದು. ಮನೆಯಲ್ಲಿ ಕುಡಿತ ಯಾರಿಗೆ ಕಾಟ ಕೊಡುತ್ತಿದೆ, ಫೇಲಾದ ಮೇಲೆ ಯಾರು ಮೂರು ವಾರದಿಂದ ಬಂದಿಲ್ಲ, ಯಾವ ಹುಡುಗಿಗೆ ಓದು ಬಿಡಿಸಿ ಮದುವೆ ಗೊತ್ತುಮಾಡುತ್ತಿದ್ದಾರೆ ಎಂಬುದೆಲ್ಲ ಆ ಮೇಷ್ಟ್ರಿಗೆ ಗೊತ್ತು. ಬೆಂಗಳೂರಿನ ಸ್ಟುಡಿಯೊದಲ್ಲಿ ಮಾತಾಡುವ ಯುವಕನಿಗೆ, ಅವನು ಎಷ್ಟೇ ಭಕ್ತಿವಂತನಾಗಿದ್ದರೂ, ಗೊತ್ತಿರಲು ಸಾಧ್ಯವಿಲ್ಲ.

ಸಂಸ್ಥೆಯ ಈಗಿನ ಮುಖ್ಯಸ್ಥರಿಗೆ ಇದನ್ನೇ ಒಂದು ಪತ್ರವಾಗಿ ಬರೆದೆ. ಸಲಹೆಗಾರರ ಸಮಿತಿಗೆ ಬನ್ನಿ ಎಂಬ ಅವರ ಹಿಂದಿನ ಕರೆಯನ್ನು ನಾನು ಒಪ್ಪಿಕೊಂಡಿಲ್ಲ, ಮುಂದೆಯೂ ಒಪ್ಪುವುದಿಲ್ಲ. ಸ್ಥಾಪಕನು ಮೇಜಿನ ಬಳಿ ಕುಳಿತರೆ ಹೊಸಬರು ಬಿಚ್ಚುಮನಸ್ಸಿನಿಂದ ಮಾತಾಡಲಾರರು. ಕೇಳಿದ್ದು ದಸರಾ ತರಬೇತಿಯನ್ನು ಮತ್ತೆ ಆರಂಭಿಸಬೇಕೆಂದು. ಅದಕ್ಕೆ ಕಚೇರಿ ಬೇಕಾಗಿಲ್ಲ, ಯಾವುದಾದರೂ ಸಭೆಯ ಶಾಲೆಯ ಕಟ್ಟಡ ರಜೆಯಲ್ಲಿ ಖಾಲಿ ಇರುತ್ತದೆ. ಜೊತೆಗೆ, ಹಳೆಯ ಪಾಠಗಳ ಹಕ್ಕು ಸಂಸ್ಥೆಯದೇ ಆದ್ದರಿಂದ, ಬೇಕಾದ ಸಭೆಗಳು ಅವುಗಳನ್ನು ತಾವೇ ನಕಲು ತೆಗೆಸಿಕೊಳ್ಳಲು ಅನುಮತಿ ಕೊಡಬೇಕೆಂದೂ ಕೇಳಿದೆ. ಅವರು ಗೌರವದಿಂದ ಉತ್ತರ ಬರೆದಿದ್ದಾರೆ. ತರಬೇತಿಯ ವಿಷಯವನ್ನು ಬರುವ ವರ್ಷದ ಬಜೆಟ್ಟಿನ ಸಭೆಯಲ್ಲಿ ಇಡುತ್ತಾರಂತೆ. ಹಳೆಯ ಪಾಠಗಳಿಗೆ ಅನುಮತಿ ಕೊಟ್ಟಿದ್ದಾರೆ, ಅದಕ್ಕಾಗಿ ಅವರಿಗೆ ನಾನು ಕೃತಜ್ಞ.

ಆ ಪಾಠಗಳನ್ನು ಮತ್ತೆ ಟೈಪ್ ಮಾಡಿಸುವ ಕೆಲಸ ಈಗ ನಡೆದಿದೆ. ಇದನ್ನು ಓದುವ ಯಾರಾದರೂ ಕೂಟ ನಡೆಸಿದವರಾಗಿದ್ದು, ನಿಮ್ಮ ಮನೆಯಲ್ಲಿ ಹಳೆಯ ಪುಸ್ತಿಕೆಗಳು ಉಳಿದಿದ್ದರೆ, ಅದರಲ್ಲೂ ನೀವು ಬದಿಯಲ್ಲಿ ಬರೆದುಕೊಂಡಿರುವ ಪ್ರತಿಗಳಿದ್ದರೆ, ದಯವಿಟ್ಟು ನನಗೆ ತಲುಪಿಸಿ. ಅಚ್ಚಾದದ್ದು ನನ್ನ ಬಳಿ ಇದೆ. ನನಗೆ ಬೇಕಿರುವುದು ನೀವು ಬರೆದದ್ದು. ಅಂಚೆಗೆ ಹಾಕುವ ತೊಂದರೆ ಬೇಡ, ನಿಮ್ಮ ಸಭೆಯ ಅಯ್ಯನವರ (ಪಾಸ್ಟರರ) ಕೈಗೆ ಕೊಟ್ಟರೆ ಶಿವಮೊಗ್ಗಕ್ಕೆ ಬಂದಾಗ ತಂದುಕೊಡುತ್ತಾರೆ. ನಕಲು ತೆಗೆಸಿಕೊಂಡು ಪುಸ್ತಿಕೆಯನ್ನು ಹಿಂದಿರುಗಿಸುತ್ತೇನೆ.