ಬಿದಿರು, ಬಂಡೆ, ಬೆಳ್ಳಿ

14 ಜೂನ್ 2025, ಶನಿವಾರ

ರಜೆ. ಮಧ್ಯಾಹ್ನವೆಲ್ಲ ಚೀನಾದ ಚಿತ್ರಕಾರ ಝೆಂಗ್ ಬಾನ್‌ಚಿಯಾವ್‌ನ (1693–1766) ಬಿದಿರಿನ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡುತ್ತಾ ಕೂತಿದ್ದೆ.

ಚೀನೀ ಮಸಿಚಿತ್ರ ಅಂದರೆ ಸಾಕು, ಎಲ್ಲರೂ ಒಂದೇ ಪಾಠ ಒಪ್ಪಿಸುತ್ತಾರೆ. ಬಿದಿರು ಬಾಗಿದರೂ ಮುರಿಯದ ಸಜ್ಜನ, ಅದರೊಳಗಿನ ಟೊಳ್ಳೇ ವಿನಯ, ಬಂಡೆ ಅಲುಗಾಡದ ಮನಸ್ಸು. ಸುಳ್ಳೇನಲ್ಲ. ಆದರೆ ಅಷ್ಟೇ ಆಗಿದ್ದರೆ ಒಂದು ಚಿತ್ರ ನೋಡಿದರೆ ಸಾಕಿತ್ತು, ಅಲ್ವಾ? ಈ ಮನುಷ್ಯನ ಬಿದಿರು ಮಾತ್ರ ಅವನ ಬದುಕಿನ ಜೊತೆಗೇ ಅರ್ಥ ಬದಲಿಸುತ್ತಾ ಹೋಗುತ್ತದೆ.

ಶಾಂಡೊಂಗ್ ಪ್ರಾಂತ್ಯದ ವೈಶಿಯೆನ್‌ನಲ್ಲಿ ಅವನು ಅಧಿಕಾರಿ. ನಮ್ಮ ಹಳೆಯ ಮಾತಿನಲ್ಲಿ ಅಮಲ್ದಾರ ಅನ್ನಿ. ಆಗ ಅಲ್ಲಿ ಬರಗಾಲ. ಮೇಲಧಿಕಾರಿಗೆ ಒಂದು ಬಿದಿರಿನ ಚಿತ್ರ ಬರೆದು, ಪಕ್ಕದಲ್ಲಿ ಪದ್ಯ ಸೇರಿಸಿ ಕಳಿಸಿದ. ಕಚೇರಿಯಲ್ಲಿ ಮಲಗಿದ್ದಾಗ ಎಲೆಗಳ ಸರಸರ ಸದ್ದು ಕೇಳಿದರೆ ಜನರ ನರಳಾಟವೇನೋ ಅನ್ನಿಸುತ್ತದೆ ಎಂದು ಅದರ ಸಾರ. ಕೊನೆಗೆ ಪರಿಹಾರ ಕೇಳಿಯೇ ಮೇಲಿನವರ ಸಿಟ್ಟಿಗೆ ಗುರಿಯಾಗಿ, 1753ರಲ್ಲಿ ಕೆಲಸ ಬಿಟ್ಟ. ಹೊರಡುವಾಗ ಊರಿನವರಿಗೆ ಮತ್ತೊಂದು ಬಿದಿರು ಬರೆದುಕೊಟ್ಟ. ಈ ಸಲ ಅದು ಮೀನು ಹಿಡಿಯುವ ಗಾಳದ ಕೋಲು!

ಬಂಡೆಯ ವಿಷಯದಲ್ಲಂತೂ ಅವನಿಗೆ ಗಟ್ಟಿ ಅಭಿಪ್ರಾಯವಿತ್ತು. ಸೊಂಗ್ ರಾಜವಂಶದ ಕಾಲದ ಚಿತ್ರಕಾರ ಮಿ ಫು ಒಳ್ಳೆಯ ಕಲ್ಲಿಗೆ ನಾಲ್ಕು ಲಕ್ಷಣ ಹೇಳಿದ್ದ: ತೆಳ್ಳಗಿರಬೇಕು, ಸುಕ್ಕಿರಬೇಕು, ತೂತಿರಬೇಕು, ಆರಪಾರ ಕಾಣಬೇಕು. ಅದೇ ಕಾಲದ ಕವಿ ಸು ಶಿ ಮಾತ್ರ ಕಲ್ಲು ಕುರೂಪ ಅಂದ. ಬಾನ್‌ಚಿಯಾವ್ ಸು ಶಿಯ ಕಡೆ. ಆ ಒಂದು ಕುರೂಪದಿಂದಲೇ ಕಲ್ಲಿನ ಸಾವಿರ ರೂಪ ಹುಟ್ಟುತ್ತವೆ ಎಂದು ಬರೆದ. ನನಗೂ ಇದೇ ಸರಿ ಅನ್ನಿಸುತ್ತದೆ. ಚಂದದ ಬಂಡೆ ಬೇಕಾದವರು ಕ್ಯಾಲೆಂಡರ್ ನೋಡಿಕೊಳ್ಳಲಿ.

ಚಿತ್ರದಲ್ಲಿ ಅವನ ಬಂಡೆಗೆ ಮೈಯೇ ಇಲ್ಲ. ಒಣ ಕುಂಚದ ನಾಲ್ಕಾರು ಮುರಿದ ಗೆರೆ, ಒಳಗೆ ಬರೀ ಬಿಳಿ ಕಾಗದ. ಮಸಿಯೆಲ್ಲ ಬಿದಿರಿಗೆ ಹೋಗಿದೆ. ಕಾಂಡದ ಒಂದೊಂದು ಗಣ್ಣಿನ ಹತ್ತಿರವೂ ಕುಂಚ ಒತ್ತಿ, ನಿಂತು, ಎತ್ತಿದ್ದು ಕಾಣುತ್ತದೆ. ಒಂದೊಂದು ಎಲೆಗೂ ಒಂದೇ ಎಳೆತ. ಕಾಂಡಗಳ ಸಂದಿಯಲ್ಲೇ ಬರಹ ತುರುಕಿದ್ದಾನೆ. ಅಕ್ಷರಗಳು ಒಂದು ದೊಡ್ಡದು, ಒಂದು ಸಣ್ಣದು, ಬೀದಿಗೆ ಕಲ್ಲು ಹಾಸಿದ ಹಾಗೆ.

ಕೆಲಸ ಬಿಟ್ಟ ಮೇಲೆ ಯಾಂಗ್‌ಝೌದಲ್ಲಿ ಚಿತ್ರ ಮಾರಿಯೇ ಬದುಕಿದ. 1759ರಲ್ಲಿ ದರಪಟ್ಟಿಯನ್ನೇ ಹಾಕಿದ. ದೊಡ್ಡ ಸುರುಳಿಗೆ 6 ಲಿಯಾಂಗ್ (ಚೀನೀ ತೂಕದ ಅಳತೆ) ಬೆಳ್ಳಿ, ಮಧ್ಯಮಕ್ಕೆ 4, ಸಣ್ಣದಕ್ಕೆ 2. ಉಡುಗೊರೆ, ತಿಂಡಿ ತರಬೇಡಿ, ಬೆಳ್ಳಿಯೇ ವಾಸಿ. ಕೈಗೆ ಬೆಳ್ಳಿ ಬಂದರೆ ಮನಸ್ಸಿಗೆ ಖುಷಿ, ಚಿತ್ರವೂ ಚೆನ್ನಾಗಿ ಬರುತ್ತದೆ. ಸಾಲ ಇಲ್ಲ. ವಯಸ್ಸಾಗಿದೆ, ಸುಮ್ನೆ ಕೂತು ನಿಮ್ಮ ಜೊತೆ ಹರಟೆ ಹೊಡೆಯಲು ಆಗುವುದಿಲ್ಲ. ಇಷ್ಟು ಹೇಳಿದ ಮೇಲೂ ಚೌಕಾಸಿ ಮಾಡುವವರು ಇದ್ದೇ ಇರುತ್ತಾರಲ್ಲ, ಅವರಿಗಾಗಿ ಕೊನೆಯಲ್ಲಿ ಒಂದು ಪದ್ಯ: ಬಿದಿರು ಕೊಳ್ಳುವುದಕ್ಕಿಂತ ಬಿದಿರಿನ ಚಿತ್ರಕ್ಕೇ ದುಡ್ಡು ಜಾಸ್ತಿ, ಆರಡಿ ಕಾಗದಕ್ಕೆ ಮೂರು ಸಾವಿರ ಕಾಸು.