ವೆಸ್ಟ್‌ಮಿನ್‌ಸ್ಟರ್‌ನ ಮುನೆಮಿತ್ಸು ಹೊಲ: ಹೋಗುವವರಿಗೆ ಕೆಲವು ಸೂಚನೆಗಳು

ಲಾಸ್ ಏಂಜಲೀಸ್ ಸುತ್ತಮುತ್ತ ಮಕ್ಕಳ ಮನೆಗೆ ಬರುವ ನಮ್ಮವರು ಡಿಸ್ನಿಲ್ಯಾಂಡನ್ನು ಬಿಡುವುದಿಲ್ಲ. ಅಲ್ಲಿಂದ ಹೆಚ್ಚು ದೂರವಿಲ್ಲದ ವೆಸ್ಟ್‌ಮಿನ್‌ಸ್ಟರ್‌ಗೂ ಅರ್ಧ ದಿನ ಮೀಸಲಿಡಬೇಕೆಂಬುದು ನನ್ನ ಸಲಹೆ. ಬಸ್ಸನ್ನು ನಂಬಿದರೆ ಸಮಯ ಹಾಳಾಗುತ್ತದೆ; ಕಾರೇ ಲೇಸು.

ಜಪಾನಿನಿಂದ ವಲಸೆ ಬಂದ ಸೇಮಾ ಮುನೆಮಿತ್ಸು ಇಲ್ಲಿ 40 ಎಕರೆ ಹೊಲದಲ್ಲಿ ಆಸ್ಪರಾಗಸ್ ಎಂಬ ತರಕಾರಿ ಬೆಳೆಯುತ್ತಿದ್ದರು. ಅವರಂಥ ವಲಸಿಗರು ಭೂಮಿ ಕೊಳ್ಳುವುದನ್ನು ಕ್ಯಾಲಿಫೋರ್ನಿಯಾದ 1913ರ ಕಾನೂನು ತಡೆದಿದ್ದರಿಂದ, ಜಮೀನು ಅಮೆರಿಕದಲ್ಲೇ ಹುಟ್ಟಿದ ಮಗ ಸೇಕೊ ಹೆಸರಿನಲ್ಲಿತ್ತು. ಎರಡನೇ ಮಹಾಯುದ್ಧದ ವೇಳೆ, 1942ರಲ್ಲಿ, ಪಶ್ಚಿಮ ಕರಾವಳಿಯ ಜಪಾನೀ ಮೂಲದವರನ್ನು ಸರ್ಕಾರ ಶಿಬಿರಗಳಿಗೆ ಸಾಗಿಸಿದಾಗ ಈ ಕುಟುಂಬವೂ ಊರು ಬಿಡಬೇಕಾಯಿತು. ಹೊಲವನ್ನು ಗೊನ್ಸಾಲೊ ಮತ್ತು ಫೆಲಿಸಿಟಾಸ್ ಮೆಂಡೆಸ್ ದಂಪತಿ ಗುತ್ತಿಗೆಗೆ ಪಡೆದರು. ಅವರ ಮಕ್ಕಳಿಗೆ ಊರಿನ ಬಿಳಿಯರ ಶಾಲೆ ಪ್ರವೇಶ ನಿರಾಕರಿಸಿ, ಮೆಕ್ಸಿಕನ್ನರಿಗೆಂದೇ ಇದ್ದ ಹೂವರ್ ಶಾಲೆಗೆ ಹೋಗುವಂತೆ ಹೇಳಿತು. ಈ ಭೇದದ ವಿರುದ್ಧ ಅವರು 1945ರಲ್ಲಿ ಹೂಡಿದ ಮೊಕದ್ದಮೆಯ ಖರ್ಚಿಗೆ ಒದಗಿದ್ದು ಇದೇ ಹೊಲದ ಆದಾಯ. 1946ರಲ್ಲಿ ಬಂದ ಅನುಕೂಲಕರ ತೀರ್ಪನ್ನು ಮರುವರ್ಷ ಮೇಲ್ಮನವಿ ನ್ಯಾಯಾಲಯವೂ ಎತ್ತಿಹಿಡಿಯಿತು. ಶಾಲೆಗಳಲ್ಲಿ ಜನಾಂಗದ ಆಧಾರದ ಮೇಲೆ ಮಕ್ಕಳನ್ನು ಬೇರೆ ಮಾಡುವುದು ಸಲ್ಲದೆಂದ ಅಮೆರಿಕದ ಸುಪ್ರೀಂ ಕೋರ್ಟಿನ 1954ರ ಬ್ರೌನ್ ತೀರ್ಪಿಗಿಂತ ಏಳು ವರ್ಷ ಮೊದಲು! ಯುದ್ಧದ ನಂತರ ಮರಳಿದ ಮುನೆಮಿತ್ಸು ಕುಟುಂಬಕ್ಕೆ ಜಮೀನು ಸುರಕ್ಷಿತವಾಗಿ ಸಿಕ್ಕಿತು.

2022ರಲ್ಲಿ ತೆರೆದ ಮೆಂಡೆಸ್ ಸ್ಮಾರಕ ಉದ್ಯಾನ ಪುಟ್ಟದು. ಹೆಸರೇ ಹೇಳುವಂತೆ ಅದರ ಕೇಂದ್ರದಲ್ಲಿರುವುದು ಮೆಂಡೆಸ್ ಕುಟುಂಬ. ಹೊಲದ ಒಡೆಯರ ಕಥೆಯನ್ನು ಮೊದಲೇ ಓದಿಕೊಂಡು ಹೋದರೆ ಚಿತ್ರ ಪೂರ್ಣವಾಗುತ್ತದೆ. ಹೊಲವಿದ್ದ ಕಡೆ ಈಗ ಶಾಲೆಗಳೂ ಮನೆಗಳೂ ಎದ್ದಿರುವುದರಿಂದ ರಸ್ತೆಯಿಂದಲೇ ನೋಡಬೇಕು, ಮಕ್ಕಳ ಚಿತ್ರ ತೆಗೆಯಬಾರದು. ಆರೆಂಜ್ ನಗರದ ಚಾಪ್‌ಮನ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಈ ಮೊಕದ್ದಮೆಗೆಂದೇ ಒಂದು ಕೊಠಡಿಯಿದೆ. ರಜಾಕಾಲದಲ್ಲಿ ವೇಳೆ ಬದಲಾಗಬಹುದಾದ್ದರಿಂದ ವಿಚಾರಿಸಿ ಹೊರಡಿ. ಊಟಕ್ಕೆ ಬೋಲ್ಸಾ ಅವೆನ್ಯೂವಿನ ವಿಯೆಟ್ನಾಮಿ ಹೋಟೆಲುಗಳಿವೆ. ಸಸ್ಯಾಹಾರಿಗಳು ಮೀನಿನ ಸಾಸ್ ಬೇಡವೆಂದು ಮೊದಲೇ ಹೇಳಬೇಕು, ತರಕಾರಿ ಪಲ್ಯಕ್ಕೂ ಅದು ಬಿದ್ದಿರುತ್ತದೆ.

ಮುನೆಮಿತ್ಸು ಕುಟುಂಬವನ್ನು ಇರಿಸಿದ್ದ ಪೋಸ್ಟನ್ ಶಿಬಿರ ಇದ್ದದ್ದು ಅರಿಜೋನಾದ ಮರುಭೂಮಿಯಲ್ಲಿ. ಗೊನ್ಸಾಲೊ ಗುತ್ತಿಗೆ ಹಣವನ್ನು ಅಲ್ಲಿಗೇ ಒಯ್ದು ಕೊಡುತ್ತಿದ್ದರಂತೆ. ನಾಲ್ಕು ಗಂಟೆಗೂ ಮೀರಿದ ಆ ದಾರಿಯನ್ನು ಕಾರಿನಲ್ಲಿ ಕ್ರಮಿಸಿದಾಗಲೇ ಅದರ ಬೆಲೆ ತಿಳಿಯುವುದು. 1992ರ ಸ್ಮಾರಕ ಸ್ತಂಭವೊಂದನ್ನು ಬಿಟ್ಟರೆ ಅಲ್ಲಿ ಸೌಲಭ್ಯಗಳು ಕಡಿಮೆ. ಬೇಸಿಗೆಯಲ್ಲಿ ಹೋಗಲೇಬಾರದು. ನೀರು, ಪೆಟ್ರೋಲನ್ನು ಪಾರ್ಕರ್ ಪಟ್ಟಣದಲ್ಲೇ ತುಂಬಿಸಿಕೊಳ್ಳಿ. ಚಳಿಗಾಲದಲ್ಲಿ ಅರಿಜೋನಾದ ಗಡಿಯಾರ ಕ್ಯಾಲಿಫೋರ್ನಿಯಾಕ್ಕಿಂತ ಒಂದು ಗಂಟೆ ಮುಂದಿರುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.