ಎಲ್ಲ ಹೊಂದುತ್ತದೆ ಎಂದರು, ಇನ್ವರ್ಟರ್ ವಿಷಯ ಯಾರೂ ಹೇಳಲಿಲ್ಲ

ಇಡೀ ರಾತ್ರಿಯ ಬಯಲಾಟ, ಎರಡು ಕ್ಯಾಮೆರಾ. ಇದನ್ನು ಎಡಿಟ್ ಮಾಡಲು ಕೂತರೆ ನನ್ನ ಹಳೇ ಲ್ಯಾಪ್‌ಟಾಪ್ ಪಡುವ ಪಾಡು ನೋಡಲಾಗುತ್ತಿರಲಿಲ್ಲ. ಒಂದು ಪ್ರವೇಶ ಕಟ್ ಮಾಡುವಷ್ಟರಲ್ಲಿ ಅಡುಗೆಮನೆಗೆ ಹೋಗಿ ಚಾ ಮಾಡಿ ಕುಡಿದು ಬರಬಹುದಿತ್ತು. ಹಾಗಾಗಿ 2022ರ ಅಕ್ಟೋಬರಿನಲ್ಲಿ ನಾನೇ ಪಾರ್ಟ್ಸ್ ತಂದು ಕಂಪ್ಯೂಟರ್ ಜೋಡಿಸುವುದೆಂದು ಹೊರಟೆ.

ಒಂದು ತಿಂಗಳು ಬರೀ ಲಿಸ್ಟ್ ಮಾಡುವುದೇ ಕೆಲಸ. ಮೊದಲು ನೋಡಬೇಕಾದ್ದು ಪ್ರೊಸೆಸರ್ ಮತ್ತು ಮದರ್‌ಬೋರ್ಡಿನ ಸಾಕೆಟ್, ಅಂದರೆ ಪ್ರೊಸೆಸರ್ ಕೂರುವ ಜಾಗ. ಇಂಟೆಲ್ 12ನೇ ಜನರೇಶನ್ ಆದರೆ ಎಲ್‌ಜಿಎ 1700. ಅದರಲ್ಲಿ ಒಂದು ಬೋರ್ಡ್ ಡಿಡಿಆರ್4 ರ‍್ಯಾಮ್ ತೆಗೆದುಕೊಳ್ಳುತ್ತದೆ, ಪಕ್ಕದ ಇನ್ನೊಂದು ಡಿಡಿಆರ್5, ಹೆಸರು ನೋಡಿದರೆ ಎರಡೂ ಒಂದೇ ಥರ! ಇನ್ನೊಂದು ಕಂಪನಿ ಎಎಂಡಿಯವರ ಎಎಂ5 ಸಾಕೆಟ್ ಆಗಷ್ಟೇ ಬಂದಿತ್ತು, ಅದಕ್ಕೆ ಡಿಡಿಆರ್5 ಮಾತ್ರ. ನನ್ನ ಹತ್ತಿರ ಎರಡು 8 ಜಿಬಿ ಡಿಡಿಆರ್4 ರ‍್ಯಾಮ್ ಇದ್ದವು. ಡಿಡಿಆರ್4, ಡಿಡಿಆರ್5 ಎರಡಕ್ಕೂ 288 ಪಿನ್, ಉದ್ದವೂ ಒಂದೇ, ಆದರೆ ನಡುವಿನ ಕಚ್ಚು ಸ್ವಲ್ಪ ಆಚೀಚೆ. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಸರಿ, ಡಿಡಿಆರ್4 ತಗೊಳ್ಳುವ ಎಎಂಡಿಯ ಹಳೇ ಎಎಂ4 ಸಾಕೆಟ್ಟೇ ಸಾಕು ಅಂತ ರೈಜನ್ 5 5600 ಪ್ರೊಸೆಸರ್ ಮತ್ತು ಒಂದು ಬಿ450 ಬೋರ್ಡ್ ಬರೆದುಕೊಂಡೆ. 5600ರಲ್ಲಿ ಸ್ಕ್ರೀನಿಗೆ ಚಿತ್ರ ಕೊಡುವ ಗ್ರಾಫಿಕ್ಸ್ ಇಲ್ಲ, 5600ಜಿಯಲ್ಲಿ ಉಂಟು. ಒಂದಕ್ಷರದ ವ್ಯತ್ಯಾಸ, ಗೊತ್ತಿಲ್ಲದಿದ್ದರೆ ಕಪ್ಪು ಸ್ಕ್ರೀನ್ ನೋಡಿಕೊಂಡು ಕೂರಬೇಕು. ನನಗೆ ಗೊತ್ತಿತ್ತು, ಹಾಗಾಗಿ ಸೆಕೆಂಡ್ ಹ್ಯಾಂಡ್ ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್ ಒಂದನ್ನು ಮೊದಲೇ ತಂದಿಟ್ಟಿದ್ದೆ. 75 ವ್ಯಾಟ್ ಅಷ್ಟೇ, ಬೇರೆ ಪವರ್ ಕೇಬಲ್ ಕೂಡ ಬೇಡ.

ಕಾಸರಗೋಡಿನ ಬದಿಯಡ್ಕದಿಂದ ಕುಂಬಳೆ, ಅಲ್ಲಿಂದ ಮಂಗಳೂರು ಬಸ್ಸು. ಅಂಗಡಿಯವರು ಲಿಸ್ಟ್ ನೋಡಿ "ಎಲ್ಲ ಹೊಂದುತ್ತದೆ, ನೀವು ತಗೊಂಡು ಹೋಗಿ" ಎಂದರು. ಬರುವಾಗ ತಲಪಾಡಿ ದಾಟುವ ತನಕ ನಿಂತುಕೊಂಡೇ ಬೋರ್ಡಿನ ಪೆಟ್ಟಿಗೆ ಮಗುವಿನ ಹಾಗೆ ಹಿಡಿದುಕೊಂಡಿದ್ದೆ. ಆಮೇಲೆ ಸೀಟು ಸಿಕ್ಕಿದ ಖುಷಿಗೆ ನಿದ್ದೆ.

ಮನೆಗೆ ಬಂದು ಜೋಡಿಸಿದೆ. ಫ್ಯಾನ್ ತಿರುಗಿತು. ಡಿಸ್‌ಪ್ಲೇ ಇಲ್ಲ. ಬೋರ್ಡಿನ ಮೂಲೆಯಲ್ಲಿ ಸಿಪಿಯು ಎಂದು ಬರೆದ ಕಡೆ ಒಂದು ಚಿಕ್ಕ ಕೆಂಪು ಲೈಟ್. ರ‍್ಯಾಮ್ ತೆಗೆದು ಹಾಕಿದೆ, ಕಾರ್ಡ್ ತೆಗೆದು ಹಾಕಿದೆ, ಕೇಬಲ್ ಬದಲಿಸಿದೆ, ಕೊನೆಗೆ ಸುಮ್ನೆ ದೇವರ ದೀಪ ನೋಡಿದ ಹಾಗೆ ಆ ಲೈಟನ್ನೇ ನೋಡುತ್ತ ಕೂತೆ.

ಸಂಗತಿ ಇಷ್ಟೇ. ಬಿ450 ಬಂದದ್ದು 2018ರಲ್ಲಿ, 5600 ಬಂದದ್ದು 2022ರಲ್ಲಿ. ಸಾಕೆಟ್ ಒಂದೇ, ಪ್ರೊಸೆಸರ್ ಸರಿಯಾಗಿ ಕೂರುತ್ತದೆ, ಆದರೆ ಬೋರ್ಡಿನ ಬಯಾಸ್, ಅಂದರೆ ಕಂಪ್ಯೂಟರನ್ನು ಶುರು ಮಾಡುವ ಬೋರ್ಡಿನೊಳಗಿನ ಸಾಫ್ಟ್‌ವೇರ್, ಹಳತಾದರೆ ಅದಕ್ಕೆ ಈ ಪ್ರೊಸೆಸರ್ ಯಾರು ಎಂದೇ ಗೊತ್ತಾಗುವುದಿಲ್ಲ. ನನ್ನ ಪೆಟ್ಟಿಗೆ ಎಷ್ಟು ವರ್ಷ ಕಪಾಟಿನಲ್ಲಿತ್ತೋ! ಪೆಟ್ಟಿಗೆಯ ಮೇಲೆ "ರೈಜನ್ 5000 ರೆಡಿ" ಎಂಬ ಸ್ಟಿಕ್ಕರ್ ಇದೆಯಾ ನೋಡಬೇಕಿತ್ತು. ಅಥವಾ ಪ್ರೊಸೆಸರ್ ಇಲ್ಲದೆಯೂ ಪೆನ್‌ಡ್ರೈವ್‌ನಿಂದ ಬಯಾಸ್ ಹಾಕುವ ಬಟನ್ ಇರುವ ಬೋರ್ಡ್ ತಗೋಬೇಕಿತ್ತು. ನಾನು 800 ರೂಪಾಯಿ ಉಳಿಸಲು ಹೋಗಿ ಆ ಬಟನ್ ಇಲ್ಲದ್ದನ್ನು ತಂದಿದ್ದೆ.

ಉಳಿದ ದಾರಿ ಒಂದೇ, ಹಳೇ ಪ್ರೊಸೆಸರ್ ಒಂದನ್ನು ಹಾಕಿ ಅಪ್‌ಡೇಟ್ ಮಾಡುವುದು. ಬಾವನ ಮನೆಯಲ್ಲಿ ರೈಜನ್ 5 2600 ಇತ್ತು. "ಹತ್ತು ನಿಮಿಷದ ಕೆಲಸ ಬಾವ" ಎಂದು ಅವನ ಕಂಪ್ಯೂಟರ್ ಬಿಚ್ಚಿದೆ. ಪ್ರೊಸೆಸರ್ ಮೇಲಿನ ಕೂಲರ್ ಹಿಡಿದು ಮೇಲೆಳೆದೆ ನೋಡಿ, ನಡುವೆ ಹಚ್ಚಿ ಒಣಗಿದ ಥರ್ಮಲ್ ಪೇಸ್ಟಿಗೆ ಅಂಟಿಕೊಂಡು ಪ್ರೊಸೆಸರೇ ಸಾಕೆಟ್ಟಿನಿಂದ ಕಿತ್ತು ಬಂತು. ಎಎಂ4ರಲ್ಲಿ ಪಿನ್ ಇರುವುದು ಪ್ರೊಸೆಸರಿನ ಅಡಿಯಲ್ಲಿ, ಒಟ್ಟು 1331. ಮೂಲೆಯ ಎರಡು ಬಗ್ಗಿದ್ದವು. ಬಾವ ಮಾತಾಡಲಿಲ್ಲ, ಅದೇ ಹೆಚ್ಚು ಹೆದರಿಕೆ. ಅವನ ಮಗಳ ಪೆನ್ ಪೆನ್ಸಿಲ್ ತಂದು, ಕಡ್ಡಿ ತೆಗೆದು, ಆ ಖಾಲಿ ತುದಿಯನ್ನು ಪಿನ್ನಿಗೆ ತೊಡಿಸಿ ನಿಧಾನಕ್ಕೆ ನೆಟ್ಟಗೆ ಮಾಡಿದೆ. ಹತ್ತು ನಿಮಿಷ ಕಂಪ್ಯೂಟರ್ ಓಡಿಸಿ ಪೇಸ್ಟ್ ಬಿಸಿಯಾದ ಮೇಲೆ ಕೂಲರನ್ನು ಆಚೀಚೆ ತಿರುಗಿಸಿ ತೆಗೆಯಬೇಕು ಅಂತ ಆಮೇಲೆ ಓದಿದೆ. ನೀವು ಮೊದಲೇ ಓದಿದ್ದೀರಿ, ಒಳ್ಳೆಯದಾಯಿತು.

ಬಯಾಸ್ ಹಾಕುವ ದಿನ ಮಧ್ಯಾಹ್ನ ಮೇಲೆ ತುಲಾ ತಿಂಗಳ ಗುಡುಗು ಶುರು. ಅಪ್‌ಡೇಟ್ ನಡುವೆ ಕರೆಂಟು ಹೋದರೆ ಬೋರ್ಡೇ ಹೋಗಬಹುದು. ಇನ್ವರ್ಟರ್ ಇದೆಯಲ್ಲ ಎಂದು ಧೈರ್ಯವಾಗಿ ಅಪ್‌ಡೇಟ್ ಶುರು ಮಾಡಿದೆ. ಕರೆಂಟು ಹೋಗಲಿಲ್ಲ. 5600 ಹಾಕಿದೆ, ಡಿಸ್‌ಪ್ಲೇ ಬಂತು.

ಆ ಧೈರ್ಯ ಎಷ್ಟು ಪೊಳ್ಳು ಅಂತ ಮೂರು ದಿನ ಬಿಟ್ಟು ಗೊತ್ತಾಯಿತು. ಕರೆಂಟು ಹೋಯಿತು, ಲೈಟು ಉರಿಯುತ್ತಿದೆ, ಫ್ಯಾನ್ ತಿರುಗುತ್ತಿದೆ, ನನ್ನ ಕಂಪ್ಯೂಟರ್ ಮಾತ್ರ ಟಪ್ ಎಂದು ಆಫ್. ನಮ್ಮದು ಹಳೇ ಸ್ಕ್ವೇರ್ ವೇವ್ ಇನ್ವರ್ಟರ್, ಅದರ ಕರೆಂಟಿನ ಅಲೆ ಚೌಕ ಚೌಕ. ಕಂಪ್ಯೂಟರಿನೊಳಗೆ ಪವರ್ ಕೊಡುವ ಪೆಟ್ಟಿಗೆಯೇ ಎಸ್‌ಎಂಪಿಎಸ್. ಒಳ್ಳೇ ಎಸ್‌ಎಂಪಿಎಸ್‌ಗಳಲ್ಲಿ ಆಕ್ಟಿವ್ ಪಿಎಫ್‌ಸಿ ಎಂಬ ಸರ್ಕ್ಯೂಟ್ ಇರುತ್ತದೆ, ಅದು ಲೈನಿನ ಕರೆಂಟಿನ ಹಾಗೆ ನುಣ್ಣಗಿನ ಅಲೆ ಕೇಳುತ್ತದೆ. ಕೆಲವು ಎಸ್‌ಎಂಪಿಎಸ್ ಸಹಿಸಿಕೊಳ್ಳುತ್ತವೆ, ನನ್ನದು ಸಹಿಸಲಿಲ್ಲ. ತಮಾಷೆ ಎಂದರೆ ಅಗ್ಗದ ಎಸ್‌ಎಂಪಿಎಸ್‌ನಲ್ಲಿ ಈ ಸರ್ಕ್ಯೂಟೇ ಇಲ್ಲ, ಅದಕ್ಕೇ ನಮ್ಮ ಮನೆಯ ಹಳೇ ಡೆಸ್ಕ್‌ಟಾಪ್ ಡಬ್ಬಾ ಅದೇ ಇನ್ವರ್ಟರಿನಲ್ಲಿ ವರ್ಷಗಟ್ಟಲೆ ಆರಾಮಾಗಿ ಓಡಿತ್ತು. ಜಾಸ್ತಿ ದುಡ್ಡು ಕೊಟ್ಟು ತೊಂದರೆ ತಂದುಕೊಂಡೆ ಅಲ್ವಾ.

ಇನ್ವರ್ಟರಿನ ಹಿಂದೆ ಯುಪಿಎಸ್ ಮೋಡ್ ಎಂಬ ಸ್ವಿಚ್ ಇತ್ತು. ಹಾಕಿದರೆ ಬ್ಯಾಟರಿಗೆ ಬೇಗ ಬದಲಾಗುತ್ತದೆ. ಆದರೆ ಅಲೆ ಅದೇ, ಹಾಗಾಗಿ ಕಂಪ್ಯೂಟರ್ ಆಫ್ ಆಗುವುದೂ ಅದೇ. ಅದರ ಮೇಲೆ ಇನ್ನೊಂದು ಪೀಡೆ: ಆ ಮೋಡಿನಲ್ಲಿ ವೋಲ್ಟೇಜ್ 180ಕ್ಕಿಂತ ಇಳಿದರೆ ಕರೆಂಟಿದ್ದರೂ ಇನ್ವರ್ಟರ್ ಬ್ಯಾಟರಿಗೆ ಹಾರುತ್ತದೆ. ಬೇಸಿಗೆಯಲ್ಲಿ ಇಡೀ ಬೈಲಿನವರು ಒಟ್ಟಿಗೆ ಅಡಿಕೆ ತೋಟಕ್ಕೆ ಪಂಪು ಹಾಕುವಾಗ ನಮ್ಮಲ್ಲಿ 170 ಬಂದರೆ ಪುಣ್ಯ. ಆಚೆ ಮನೆಯ ಪಂಪು ಶುರುವಾದ ಸದ್ದು ಕೇಳಿದ ಕೂಡಲೇ ಕಂಟ್ರೋಲ್ ಎಸ್ ಒತ್ತುವುದು ನನಗೆ ಅಭ್ಯಾಸವೇ ಆಯಿತು.

ನುಣ್ಣಗಿನ ಅಲೆ ಕೊಡುವ ಸೈನ್ ವೇವ್ ಇನ್ವರ್ಟರ್ ತರೋಣ ಎಂದು ಅಪ್ಪನನ್ನು ಒಪ್ಪಿಸಲು ಏಪ್ರಿಲ್ ಬಂತು. ಅಂಗಡಿಯಲ್ಲಿ ದೊಡ್ಡದೊಂದು ತೋರಿಸಿದರು. ನಾನು ರೇಟು ಕೇಳುವ ಮೊದಲೇ ಅಪ್ಪ ಬಗ್ಗಿ ಹಿಂದಿನ ಚೀಟಿ ಓದಿದರು. "ಇದು 24 ವೋಲ್ಟಿನದ್ದು. ನಮ್ಮಲ್ಲಿರುವುದು ಒಂದೇ ಬ್ಯಾಟರಿ, 12. ಹೊಂದುವುದಿಲ್ಲ, ಬೇರೆ ತೋರಿಸಿ."